ಲಿಂಕ್‌ಗಳನ್ನು ಎಲ್ಲಿ ಕೂಡಿಡುವುದು? ಕೊಡಗಿನ ಶಿಕ್ಷಕರಿಗೆ ಬುಕ್‌ಮಾರ್ಕ್ ಮತ್ತು ಟ್ಯಾಗ್ ಸಾಧನಗಳ ಹೋಲಿಕೆ

ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಸಭೆ ಮುಗಿದ ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಎಂಟ್ಹತ್ತು ಲಿಂಕ್ ಬಂದು ಬೀಳುತ್ತವೆ. ಭಿನ್ನರಾಶಿಯ ಒಂದು ಚಟುವಟಿಕೆ, ಜಲಚಕ್ರದ ವಿಡಿಯೊ, ಪಠ್ಯಪುಸ್ತಕದ ಪಿಡಿಎಫ್, ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದ ಒಂದು ಪಾಠ. ಮೂರು ತಿಂಗಳ ನಂತರ ಆ ಪಾಠ ತೆಗೆದುಕೊಳ್ಳುವ ದಿನ ಅವುಗಳಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ನಡುವೆ ನೂರಾರು ಸಂದೇಶ ಬಂದಿರುತ್ತವೆ, ಫೋನ್ ಬದಲಾಗಿರುತ್ತದೆ, ಕಳಿಸಿದವರಿಗೆ ವರ್ಗಾವಣೆಯಾಗಿರುತ್ತದೆ. ಹುಡುಕಿ ಸಾಕಾಗಿ ಮತ್ತೆ ಹೊಸದಾಗಿ ಯೂಟ್ಯೂಬ್ ಜಾಲಾಡುವುದೇ ಕೆಲಸ.

ಲಿಂಕ್‌ಗೆ ಗುರುತಿನ ಚೀಟಿ ಅಂಟಿಸಿ ಇಡುವುದೇ ಟ್ಯಾಗ್ ಮಾಡುವುದು. ಹಾಗೆ ಇಟ್ಟದ್ದನ್ನು ಹತ್ತು ಜನ ಸೇರಿ ಬೆಳೆಸಿ, ಹತ್ತು ಜನವೂ ಬಳಸಿದರೆ ಅದು ಸೋಶಿಯಲ್ ಬುಕ್‌ಮಾರ್ಕಿಂಗ್. ಫೋಲ್ಡರ್‌ಗೂ ಇದಕ್ಕೂ ಇರುವ ವ್ಯತ್ಯಾಸ ತಲಕಾವೇರಿಯ ಬಗ್ಗೆ ಒಂದು ವಿಡಿಯೊ ಸಿಕ್ಕಾಗ ಗೊತ್ತಾಗುತ್ತದೆ. ಅದನ್ನು ಸಮಾಜ ವಿಜ್ಞಾನದ ಫೋಲ್ಡರ್‌ಗೆ ಹಾಕಬೇಕೋ, ಪರಿಸರ ಅಧ್ಯಯನಕ್ಕೋ, ಕನ್ನಡಕ್ಕೋ? ಫೋಲ್ಡರ್ ಆದರೆ ಒಂದೇ ಕಡೆ ಇಡಬೇಕು, ಉಳಿದ ಇಬ್ಬರು ಶಿಕ್ಷಕರಿಗೆ ಅದು ಕಾಣುವುದಿಲ್ಲ. ಟ್ಯಾಗ್ ಆದರೆ ಮೂರೂ ಹೆಸರು ಅಂಟಿಸಬಹುದು, ಮೂವರಿಗೂ ಸಿಗುತ್ತದೆ.

ಮೊದಲು ನೋಡಬೇಕಾದ್ದು ಹೊರಬರುವ ಬಾಗಿಲು

ಈ ರೀತಿಯ ಸೇವೆಗಳಲ್ಲಿ ಮೊದಲು ಹೆಸರು ಮಾಡಿದ್ದು 2003ರಲ್ಲಿ ಶುರುವಾದ ಡಿಲಿಷಸ್. ಜನರೇ ತಮ್ಮ ಪದಗಳಿಂದ ಕಟ್ಟುವ ಇಂಥ ವರ್ಗೀಕರಣಕ್ಕೆ 2004ರಲ್ಲಿ ಥಾಮಸ್ ವ್ಯಾಂಡರ್ ವಾಲ್ ‘ಫೋಕ್ಸಾನಮಿ’ ಎಂಬ ಹೆಸರಿಟ್ಟರು. 2005ರಲ್ಲಿ ಯಾಹೂ ಡಿಲಿಷಸ್ಸನ್ನು ಕೊಂಡಿತು, 2011ರಲ್ಲಿ ಮಾರಿತು. ಕೊನೆಗೆ 2017ರಲ್ಲಿ ಇಂಥದ್ದೇ ಇನ್ನೊಂದು ಸೇವೆಯಾದ ಪಿನ್‌ಬೋರ್ಡ್ ಅದನ್ನು ಕೊಂಡು, ಹೊಸದಾಗಿ ಏನನ್ನೂ ಸೇರಿಸಲಾಗದಂತೆ ನಿಲ್ಲಿಸಿತು. ಗೂಗಲ್ ಬುಕ್‌ಮಾರ್ಕ್ಸ್ 2021ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಮೊಜಿಲ್ಲಾದ ಪಾಕೆಟ್ 2025ರ ಜುಲೈ 8ಕ್ಕೆ ಮುಚ್ಚಿತು. ಹೊತ್ತಿಗೆ ಸರಿಯಾಗಿ ತಮ್ಮ ಪಟ್ಟಿಯನ್ನು ಹೊರತೆಗೆದುಕೊಂಡವರಿಗೆ ಲಿಂಕ್ ಉಳಿದವು, ಉಳಿದವರಿಗೆ ಇಲ್ಲ.

ಹಾಗಾಗಿ ಯಾವುದನ್ನೇ ಆರಿಸಿ, ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. ಐದು ಲಿಂಕ್ ಹಾಕಿ, ಪ್ರತಿಯೊಂದಕ್ಕೂ ಮೂರು ಕನ್ನಡ ಟ್ಯಾಗ್ ಕೊಡಿ. ಎಕ್ಸ್‌ಪೋರ್ಟ್ ಒತ್ತಿ ಕಡತವನ್ನು ಇಳಿಸಿಕೊಳ್ಳಿ. ಆ ಕಡತದಲ್ಲಿ ಲಿಂಕ್, ಶೀರ್ಷಿಕೆ, ಟ್ಯಾಗ್, ಟಿಪ್ಪಣಿ ನಾಲ್ಕೂ ಬಂದಿವೆಯೇ ನೋಡಿ. ಲಿಂಕ್ ಮಾತ್ರ ಬಂದು ಟ್ಯಾಗ್ ಬಾರದಿದ್ದರೆ ಆ ಸಾಧನ ಬೇಡ. ಲಿಂಕ್ ಮತ್ತೆ ಹುಡುಕಿದರೂ ಸಿಕ್ಕೀತು, ಟ್ಯಾಗ್ ಹಾಕಿದ ಶ್ರಮ ಮರಳಿ ಸಿಗುವುದಿಲ್ಲ.

ಇಳಿಸಿಕೊಂಡ ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣುವುದುಂಟು. ಕಡತ ಹಾಳಾಗಿಲ್ಲ, ಎಕ್ಸೆಲ್ ಅದನ್ನು ಬೇರೆ ಸಂಕೇತವೆಂದು ಓದಿದೆ ಅಷ್ಟೆ. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ, ಸಂಕೇತದ ಜಾಗದಲ್ಲಿ ಯುಟಿಎಫ್-8 ಎಂದು ಕೊಟ್ಟರೆ ಅಕ್ಷರ ಸರಿಯಾಗಿ ಬರುತ್ತವೆ. ತಪ್ಪಾಗಿ ತೆರೆದ ಕಡತವನ್ನು ಮಾತ್ರ ಹಾಗೆಯೇ ಸೇವ್ ಮಾಡಬೇಡಿ. ಸೇವ್ ಮಾಡಿದರೆ ಆಗ ನಿಜಕ್ಕೂ ಕೆಡುತ್ತದೆ.

ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ

ಎಲ್ಲರ ಬಳಿಯೂ ಇರುವುದು ವಾಟ್ಸ್‌ಆ್ಯಪ್. ಲಿಂಕ್ ಕಳಿಸುವಾಗ ಜೊತೆಗೆ ‘#ತ06 #ವಿಜ್ಞಾನ #ಜಲಚಕ್ರ’ ಎಂದು (ತ06 ಎಂದರೆ ಆರನೇ ತರಗತಿ) ಬರೆದರೆ ಮುಂದೆ ಗುಂಪಿನೊಳಗೆ ಆ ಪದ ಹಾಕಿ ಹುಡುಕಬಹುದು. ಇದು ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಹುಡುಕಾಟ ನಡೆಯುವುದು ನಿಮ್ಮ ಫೋನಿನಲ್ಲಿ ಉಳಿದಿರುವ ಸಂದೇಶಗಳಲ್ಲಿ ಮಾತ್ರ. ಬ್ಯಾಕಪ್ ಇಲ್ಲದೆ ಫೋನ್ ಬದಲಿಸಿದರೆ ಹೋಯಿತು. ‘ಡಿಸಪಿಯರಿಂಗ್ ಮೆಸೇಜಸ್’ ಆನ್ ಆಗಿದ್ದರೆ 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ತಾನಾಗಿ ಅಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಹೊಸಬರದು. ಜೂನ್‌ನಲ್ಲಿ ಸೋಮವಾರಪೇಟೆಯಿಂದ ವರ್ಗವಾಗಿ ನಾಪೋಕ್ಲು ಕಡೆಗೆ ಬಂದ ಶಿಕ್ಷಕಿಯನ್ನು ಗುಂಪಿಗೆ ಸೇರಿಸಿದರೂ, ನಾಲ್ಕು ವರ್ಷ ಗುಂಪು ಕೂಡಿಟ್ಟ ಲಿಂಕ್‌ಗಳ ರಾಶಿ ಅವರಿಗೆ ಸಿಗುವುದಿಲ್ಲ.

ಟೆಲಿಗ್ರಾಂ ಚಾನೆಲ್ ಆದರೆ ಇಂದು ಸೇರಿದವರಿಗೂ ಮೊದಲ ದಿನದಿಂದ ಎಲ್ಲವೂ ಕಾಣುತ್ತದೆ. ಹ್ಯಾಷ್‌ಟ್ಯಾಗ್ ಒತ್ತಿದರೆ ಅದೇ ಟ್ಯಾಗ್ ಇರುವ ಸಂದೇಶಗಳೆಲ್ಲ ಸಾಲಾಗಿ ಬರುತ್ತವೆ. ಟ್ಯಾಗ್‌ನ ನಡುವೆ ಅಡ್ಡಗೆರೆ ಅಥವಾ ಖಾಲಿ ಜಾಗ ಬಂದರೆ ಅಲ್ಲಿಗೇ ಕಡಿಯುತ್ತದೆ. ನಿಮ್ಮ ಕನ್ನಡ ಟ್ಯಾಗ್ ಪೂರ್ತಿ ನೀಲಿಯಾಗಿ ಕಾಣುತ್ತದೆಯೇ ಎಂದು ಒಮ್ಮೆ ಕಳಿಸಿ ನೋಡಿ. ಎರಡರಲ್ಲೂ ಟ್ಯಾಗ್ ತಿದ್ದುವುದು ಮಾತ್ರ ಕಷ್ಟ. ಒಂದು ಪದವನ್ನು ಇನ್ನೂರು ಸಂದೇಶಗಳಲ್ಲಿ ಒಟ್ಟಿಗೆ ಬದಲಿಸುವ ದಾರಿಯೇ ಇಲ್ಲ. ಆದ್ದರಿಂದ ಇವು ಲಿಂಕ್ ಒಳಬರುವ ಹೆಬ್ಬಾಗಿಲಾಗಿ ಇರಲಿ, ಕಣಜ ಬೇರೆ ಕಡೆ ಇರಲಿ.

ಬ್ರೌಸರ್‌ನ ಬುಕ್‌ಮಾರ್ಕ್: ನಿಮ್ಮೊಬ್ಬರಿಗೆ

ಒಬ್ಬರೇ ಬಳಸುವುದಾದರೆ ಹೊಸ ಖಾತೆಯೇ ಬೇಕಿಲ್ಲ. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಟ್ಯಾಗ್ ಸೌಲಭ್ಯ ಹಲವು ವರ್ಷಗಳಿಂದ ಇದೆ. ಪುಟ ತೆರೆದಿರುವಾಗ ಕಂಟ್ರೋಲ್ ಮತ್ತು ಡಿ ಒತ್ತಿ, ತೆರೆಯುವ ಪೆಟ್ಟಿಗೆಯ ಟ್ಯಾಗ್ಸ್ ಜಾಗದಲ್ಲಿ ಅಲ್ಪವಿರಾಮ ಹಾಕುತ್ತ ಪದಗಳನ್ನು ಬರೆಯಿರಿ. ಮುಂದೆ ಹುಡುಕುವಾಗ ವಿಳಾಸಪಟ್ಟಿಯಲ್ಲಿ ಕೂಡುವ ಚಿಹ್ನೆ, ಒಂದು ಖಾಲಿ ಜಾಗ, ನಂತರ ಟ್ಯಾಗ್ ಬರೆದರೆ ಟ್ಯಾಗ್ ಇರುವ ಪುಟಗಳನ್ನಷ್ಟೇ ತೋರಿಸುತ್ತದೆ. ಕೊರತೆ ಒಂದೇ: ಫೋನಿನ ಫೈರ್‌ಫಾಕ್ಸ್‌ನಲ್ಲಿ ಈ ಟ್ಯಾಗ್‌ಗಳನ್ನು ಬಳಸಲಾಗುವುದಿಲ್ಲ.

ಕ್ರೋಮ್‌ನಲ್ಲಿ ಟ್ಯಾಗ್ ಎಂಬುದೇ ಇಲ್ಲ. ಬುಕ್‌ಮಾರ್ಕ್‌ನ ಹೆಸರಿನ ಕೊನೆಗೇ ‘ತ06 ವಿಜ್ಞಾನ ಜಲಚಕ್ರ’ ಎಂದು ಸೇರಿಸಿ ಕೆಲಸ ನಡೆಸಬಹುದು, ಹುಡುಕಾಟದಲ್ಲಿ ಅದೂ ಸಿಗುತ್ತದೆ. ಫೈರ್‌ಫಾಕ್ಸ್‌ನಿಂದ ಹೊರತೆಗೆದ ಕಡತವನ್ನು ಕ್ರೋಮ್‌ಗೆ ತುಂಬಿಸಿದರೆ ಲಿಂಕ್ ಬರುತ್ತವೆ, ಟ್ಯಾಗ್ ಉದುರಿಹೋಗುತ್ತವೆ. ಇದು ಗೊತ್ತಿಲ್ಲದೆ ಹಳೆಯದನ್ನು ಅಳಿಸಿ ಕೈಸುಟ್ಟುಕೊಳ್ಳುವವರು ಬಹಳ.

ಶಾಲೆಯ ಕಂಪ್ಯೂಟರ್ ಎಲ್ಲರೂ ಬಳಸುವಂಥದ್ದಾದರೆ ಅದರ ಕ್ರೋಮ್‌ಗೆ ನಿಮ್ಮ ಸ್ವಂತ ಗೂಗಲ್ ಖಾತೆ ಹಾಕಿ ಸಿಂಕ್ ಮಾಡಬೇಡಿ. ನಿಮ್ಮ ಬುಕ್‌ಮಾರ್ಕ್ ಮಾತ್ರವಲ್ಲ, ಉಳಿಸಿದ ಪಾಸ್‌ವರ್ಡ್‌ಗಳೂ ಆ ಯಂತ್ರಕ್ಕೆ ಇಳಿದುಬಿಡಬಹುದು. ಗೆಸ್ಟ್ ಕಿಟಕಿ ತೆರೆದು ಕೆಲಸ ಮುಗಿಸಿ ಮುಚ್ಚಿ.

ಕ್ಲಸ್ಟರ್‌ಗೆ ಮೊದಲ ಆಯ್ಕೆ: ಗೂಗಲ್ ಶೀಟ್

ಹತ್ತು ಹನ್ನೆರಡು ಶಾಲೆಗಳ ಶಿಕ್ಷಕರು ಸೇರಿ ಶುರುಮಾಡುವುದಾದರೆ ನಮ್ಮ ಸಲಹೆ ಯಾವ ವಿಶೇಷ ಸಾಧನವೂ ಅಲ್ಲ, ಒಂದು ಗೂಗಲ್ ಶೀಟ್. ಎಲ್ಲರಿಗೂ ಜಿಮೇಲ್ ಇರುತ್ತದೆ, ಹೊಸ ಪಾಸ್‌ವರ್ಡ್ ನೆನಪಿಡಬೇಕಿಲ್ಲ, ಕನ್ನಡ ಸರಾಗವಾಗಿ ಕೂರುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ಸತ್ತು ನೆಟ್ ಇಲ್ಲವಾಗುವ ಭಾಗಮಂಡಲ, ಶಾಂತಳ್ಳಿ, ಬಿರುನಾಣಿಯಂಥ ಕಡೆಗಳಿಗೆ ಇನ್ನೊಂದು ಅನುಕೂಲವೂ ಇದೆ. ಫೋನಿನ ಶೀಟ್ಸ್ ಆ್ಯಪ್‌ನಲ್ಲಿ ಆ ಕಡತದ ಮೂರು ಚುಕ್ಕಿ ಒತ್ತಿ ‘ಮೇಕ್ ಅವೇಲಬಲ್ ಆಫ್‌ಲೈನ್’ ಕೊಟ್ಟಿದ್ದರೆ ನೆಟ್ ಇಲ್ಲದಾಗಲೂ ಪಟ್ಟಿ ತೆರೆಯುತ್ತದೆ. ಆಗ ತುಂಬಿದ ಸಾಲು ನೆಟ್ ಬಂದ ಮೇಲೆ ತಾನಾಗಿ ಮೇಲೇರುತ್ತದೆ.

ಕಂಬಸಾಲುಗಳು ಎಂಟು ಸಾಕು: ಲಿಂಕ್, ಶೀರ್ಷಿಕೆ, ತರಗತಿ, ವಿಷಯ, ಬಗೆ, ಪರಿಕಲ್ಪನೆ, ಎಷ್ಟು ನಿಮಿಷ, ಒಂದು ಸಾಲಿನ ಟಿಪ್ಪಣಿ. ತರಗತಿ, ವಿಷಯ, ಬಗೆ ಈ ಮೂರಕ್ಕೂ ಡ್ರಾಪ್‌ಡೌನ್ ಕೊಡಿ, ಯಾರೂ ಕೈಯಲ್ಲಿ ಬರೆಯಬಾರದು. ಪಟ್ಟಿಯನ್ನು ನೇರವಾಗಿ ತಿದ್ದುವ ಅಧಿಕಾರ ಇಬ್ಬರು ಮೂವರಿಗಷ್ಟೇ ಇರಲಿ. ಉಳಿದವರು ಒಂದು ಗೂಗಲ್ ಫಾರ್ಮ್ ತುಂಬಲಿ, ಉತ್ತರ ಶೀಟ್‌ಗೆ ಬಂದು ಸೇರುತ್ತದೆ. ಫಾರ್ಮ್‌ನ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿನ ವಿವರಣೆಯಲ್ಲಿ ಅಂಟಿಸಿಟ್ಟರೆ ಯಾರೂ ಕೇಳುವ ಪ್ರಮೇಯವಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ಅನಾಹುತ ಎರಡು. ಯಾರೋ ಒಂದೇ ಕಂಬಸಾಲನ್ನು ಆರಿಸಿ ಅಕಾರಾದಿಗೆ ಜೋಡಿಸುತ್ತಾರೆ, ಶೀರ್ಷಿಕೆ ಒಂದು ಕಡೆ, ಲಿಂಕ್ ಇನ್ನೊಂದು ಕಡೆ ಆಗಿ ಇಡೀ ಪಟ್ಟಿ ಕಲಸಿಹೋಗುತ್ತದೆ. ಗಾಬರಿ ಬೇಡ. ಫೈಲ್ ಮೆನುವಿನ ವರ್ಷನ್ ಹಿಸ್ಟರಿಗೆ ಹೋಗಿ ಹಿಂದಿನ ದಿನದ ಪ್ರತಿಯನ್ನು ಮರಳಿ ತಂದರೆ ಸರಿಯಾಗುತ್ತದೆ. ಇನ್ನೊಂದು, ಒಬ್ಬರು ತಮ್ಮ ತರಗತಿ ನೋಡಲು ಫಿಲ್ಟರ್ ಹಾಕುತ್ತಾರೆ, ಎಲ್ಲರ ಪರದೆಯಲ್ಲೂ ಉಳಿದ ಸಾಲುಗಳು ಮಾಯವಾಗಿ ‘ಲಿಂಕ್ ಯಾರು ಅಳಿಸಿದ್ದು?’ ಎಂಬ ಫೋನ್ ಕರೆಗಳು ಶುರುವಾಗುತ್ತವೆ. ಕಂಪ್ಯೂಟರಿನಲ್ಲಿ ಫಿಲ್ಟರ್ ಬದಲು ‘ಫಿಲ್ಟರ್ ವ್ಯೂ’ ಬಳಸಿದರೆ ಅದು ಹಾಕಿದವರ ನೋಟವನ್ನು ಮಾತ್ರ ಬದಲಿಸುತ್ತದೆ.

ಶೀಟ್‌ಗೆ ಮಿತಿಯೂ ಇದೆ. ಪುಟದ ಚಿಕ್ಕ ಚಿತ್ರ ಕಾಣುವುದಿಲ್ಲ. ಫೋನಿನ ಸಣ್ಣ ಪರದೆಯಲ್ಲಿ ಎಂಟು ಕಂಬಸಾಲು ಅತ್ತಿತ್ತ ಎಳೆದಾಡಬೇಕು. ಲಿಂಕ್ ಮುನ್ನೂರು ನಾನ್ನೂರು ದಾಟಿದ ಮೇಲೆ ನೋಡಿ ಆರಿಸುವುದು ಬೇಸರ ತರುತ್ತದೆ. ಆಗ ಮುಂದಿನದಕ್ಕೆ ಹೋಗುವ ಹೊತ್ತು ಬಂತು ಎಂದರ್ಥ.

ರೇನ್‌ಡ್ರಾಪ್: ಪಟ್ಟಿ ದೊಡ್ಡದಾದ ಮೇಲೆ

ರೇನ್‌ಡ್ರಾಪ್ ಲಿಂಕ್ ಕೂಡಿಡುವ ಒಂದು ಆನ್‌ಲೈನ್ ಸೇವೆ. ಅದರ ಉಚಿತ ಖಾತೆಯಲ್ಲಿ ಬುಕ್‌ಮಾರ್ಕ್‌ಗಳ ಸಂಖ್ಯೆಗೆ ಮಿತಿ ಇಲ್ಲ. ಫೋನಿನಲ್ಲಿ ಯಾವುದೇ ಪುಟ ಅಥವಾ ವಿಡಿಯೊದ ‘ಶೇರ್’ ಒತ್ತಿ ರೇನ್‌ಡ್ರಾಪ್ ಆರಿಸಿದರೆ ಕಲೆಕ್ಷನ್, ಟ್ಯಾಗ್, ಟಿಪ್ಪಣಿ ಕೊಟ್ಟು ಅಲ್ಲೇ ಉಳಿಸಬಹುದು. ಪ್ರತಿ ಲಿಂಕ್‌ಗೂ ಚಿತ್ರ ಕಾಣುತ್ತದೆ. ಒಂದು ಕಲೆಕ್ಷನ್‌ಗೆ ಸಹೋದ್ಯೋಗಿಗಳನ್ನು ಸೇರಿಸಬಹುದು, ಅದನ್ನೇ ಸಾರ್ವಜನಿಕ ಪುಟವಾಗಿ ತೆರೆದಿಡಬಹುದು. ಟ್ಯಾಗ್‌ನ ಹೆಸರನ್ನು ಒಮ್ಮೆ ತಿದ್ದಿದರೆ ನಿಮ್ಮ ಸಂಗ್ರಹದಲ್ಲಿ ಅದು ಅಂಟಿದ್ದ ಕಡೆಯೆಲ್ಲ ಬದಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಇಲ್ಲದ್ದು ಇದೇ. ಪುಟದೊಳಗಿನ ಪಠ್ಯವನ್ನೆಲ್ಲ ಹುಡುಕುವುದು, ಪುಟದ ಶಾಶ್ವತ ಪ್ರತಿ ಇಟ್ಟುಕೊಳ್ಳುವುದು ಹಣ ಕೊಟ್ಟ ಖಾತೆಗೆ ಮಾತ್ರ. ಶಿಕ್ಷಕರ ಕೆಲಸ ಅವಿಲ್ಲದೆಯೂ ನಡೆಯುತ್ತದೆ.

ಶೀಟ್‌ನಿಂದ ಇಲ್ಲಿಗೆ ಬರುವುದು ಸುಲಭ. ಶೀಟ್‌ನ ಒಂದು ಪ್ರತಿ ಮಾಡಿ. ತಲೆಬರಹಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಯುಆರ್‌ಎಲ್, ಟೈಟಲ್, ನೋಟ್, ಟ್ಯಾಗ್ಸ್, ಫೋಲ್ಡರ್ ಎಂದು ಬದಲಿಸಿ. ತರಗತಿ, ವಿಷಯ, ಬಗೆ, ಪರಿಕಲ್ಪನೆ ಈ ನಾಲ್ಕನ್ನೂ ಅಲ್ಪವಿರಾಮ ಹಾಕಿ ಟ್ಯಾಗ್ಸ್ ಎಂಬ ಒಂದೇ ಮನೆಗೆ ಕೂಡಿಸಿ. ಸಿಎಸ್‌ವಿಯಾಗಿ ಇಳಿಸಿ, ರೇನ್‌ಡ್ರಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಇಂಪೋರ್ಟ್ ಕೊಡಿ. ಮೊದಲು ಹತ್ತು ಸಾಲಿನ ಕಡತದಿಂದ ನೋಡಿ, ಸರಿ ಬಂದರೆ ಪೂರ್ತಿ ತುಂಬಿ. ಆ್ಯಪನ್ನು ಇಂಗ್ಲಿಷಿನಲ್ಲೇ ಬಳಸಬೇಕಾಗಬಹುದು. ಒಗ್ಗದವರಿಗೆ ಸಾರ್ವಜನಿಕ ಪುಟದ ಲಿಂಕ್ ಕೊಟ್ಟರೆ ಸಾಕು, ಎಲ್ಲರೂ ಖಾತೆ ತೆರೆಯಬೇಕಾಗಿಲ್ಲ.

ಡೀಗೊ: ಪುಟದ ಮೇಲೇ ಗೆರೆ ಎಳೆಯುವವರಿಗೆ

ಡೀಗೊ ಎಂಬ ಬುಕ್‌ಮಾರ್ಕ್ ಸೇವೆಯ ಬಲ ಬೇರೆ. ವೆಬ್ ಪುಟದ ಸಾಲುಗಳಿಗೆ ಬಣ್ಣ ಹಚ್ಚಿ, ಪಕ್ಕದಲ್ಲಿ ಚೀಟಿ ಅಂಟಿಸಿ, ಅದನ್ನು ಗುಂಪಿನವರಿಗೂ ಕಾಣುವಂತೆ ಇಡಬಹುದು. ಒಂದು ಲೇಖನವನ್ನು ನಾಲ್ಕು ಶಿಕ್ಷಕರು ಸೇರಿ ಓದಿ, ‘ಈ ಪ್ಯಾರಾ ಒಂಬತ್ತನೇ ತರಗತಿಗೆ ಸರಿ, ಇದು ಮಕ್ಕಳಿಗೆ ಕಠಿಣ’ ಎಂದು ಗುರುತು ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯದು ಕಡಿಮೆ. ಕುಡಿಗೆಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿ ಪಡೆಯುತ್ತಿರುವವರಂಥ, ಕಂಪ್ಯೂಟರ್ ಮುಂದೆ ಕೂತು ಓದುವ ಗುಂಪಿಗೆ ಹೇಳಿ ಮಾಡಿಸಿದಂತಿದೆ. ಎಲ್ಲವನ್ನೂ ಫೋನಿನಲ್ಲೇ ಮಾಡುವವರಿಗೆ ಒಗ್ಗುವುದಿಲ್ಲ, ಏಕೆಂದರೆ ಅದರ ನಿಜವಾದ ಸೊಗಸು ಇರುವುದು ಕಂಪ್ಯೂಟರಿನ ಬ್ರೌಸರ್‌ಗೆ ಸೇರಿಸುವ ಎಕ್ಸ್‌ಟೆನ್ಶನ್‌ನಲ್ಲಿ. ಉಚಿತ ಖಾತೆಗೆ ಮಿತಿಗಳಿವೆ, ಸೇರುವ ಮೊದಲು ಅವರ ಯೋಜನೆಗಳ ಪುಟ ಓದಿ. ಇಲ್ಲಿ ಟ್ಯಾಗ್‌ನ ನಡುವೆ ಖಾಲಿ ಜಾಗ ಬಿಟ್ಟರೆ ಅದು ಎರಡು ಟ್ಯಾಗ್ ಆಗುತ್ತದೆ. ಎರಡು ಪದ ಬೇಕೇಬೇಕಾದರೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು.

ಉಳಿದವು

ವೇಕ್‌ಲೆಟ್ ಮತ್ತು ಪ್ಯಾಡ್‌ಲೆಟ್ ಕೂಡಿಡುವುದಕ್ಕಿಂತ ತೋರಿಸುವುದಕ್ಕೆ ಚೆನ್ನ. ಒಂದು ಪಾಠಕ್ಕೆ ಬೇಕಾದ ಆರೇಳು ಲಿಂಕ್, ಚಿತ್ರ, ಸೂಚನೆಗಳನ್ನು ಒಂದೇ ಪುಟದಲ್ಲಿ ಚಂದವಾಗಿ ಜೋಡಿಸಿ ಮಕ್ಕಳ ಮುಂದೆ ಇಡಬಹುದು. ಪ್ಯಾಡ್‌ಲೆಟ್‌ನ ಉಚಿತ ಖಾತೆಯಲ್ಲಿ ಬೆರಳೆಣಿಕೆಯ ಬೋರ್ಡ್‌ಗಳಿಗಷ್ಟೇ ಅವಕಾಶ, ವರ್ಷವಿಡೀ ಸಂಗ್ರಹ ಬೆಳೆಸಲು ಆಗದು. ಪಿನ್‌ಟ್ರೆಸ್ಟ್ ಚಿತ್ರಕಲೆ, ಕ್ರಾಫ್ಟ್, ನಲಿಕಲಿ ತರಗತಿಯ ಗೋಡೆಯ ಅಲಂಕಾರಕ್ಕೆ ಸರಿ. ಪಿನ್‌ಬೋರ್ಡ್ ಗಟ್ಟಿಮುಟ್ಟಾದ ಸರಳ ಸೇವೆ, ಆದರೆ ವರ್ಷಕ್ಕೊಮ್ಮೆ ಡಾಲರ್‌ನಲ್ಲಿ ಹಣ ಕಟ್ಟಬೇಕು. ಶಾಲೆಯ ಮಟ್ಟಿಗೆ ಅದರ ಅಗತ್ಯ ಕಾಣುವುದಿಲ್ಲ.

ಯಾವ ಸಾಧನವಾದರೂ ಕೆಡುವುದು ಟ್ಯಾಗ್‌ನಿಂದಲೇ

ಸಾಧನ ಆರಿಸಲು ಒಂದು ಸಂಜೆ ಸಾಕು. ಪದಗಳ ಪಟ್ಟಿಗೆ ಒಂದು ಇಡೀ ಸಭೆಯನ್ನೇ ಕೊಡಿ. ಎಲ್ಲರೂ ತಮಗೆ ತೋಚಿದ್ದು ಬರೆದರೆ ಆರು ತಿಂಗಳಲ್ಲಿ ‘ವಿಜ್ಞಾನ’, ‘ಸೈನ್ಸ್’, ‘ವಿಜ್ಞಾನ ಪಾಠ’, ‘6ನೇ ವಿಜ್ಞಾನ’ ಎಂದು ಒಂದೇ ವಸ್ತು ನಾಲ್ಕು ಹೆಸರಿನಲ್ಲಿ ಹಂಚಿಹೋಗಿರುತ್ತದೆ.

ಶುರುವಿಗೆ 24 ಪದ ಸಾಕು. ತ01ರಿಂದ ತ10ರವರೆಗೆ ತರಗತಿಗೆ ಹತ್ತು. ಕನ್ನಡಪಾಠ, ಇಂಗ್ಲಿಷ್‌ಪಾಠ, ಹಿಂದಿಪಾಠ, ಗಣಿತ, ವಿಜ್ಞಾನ, ಸಮಾಜ, ಪರಿಸರ ಎಂದು ವಿಷಯಕ್ಕೆ ಏಳು. ವಿಡಿಯೊ, ಚಟುವಟಿಕೆ, ಹಾಳೆ, ಓದು, ಪ್ರಶ್ನೆ ಎಂದು ಬಗೆಗೆ ಐದು. ಕೊನೆಗೆ ‘ಕನ್ನಡದಲ್ಲಿ’ ಮತ್ತು ‘ಆಫ್‌ಲೈನ್’. ಇವಲ್ಲದೆ ಪ್ರತಿ ಲಿಂಕ್‌ಗೂ ಪರಿಕಲ್ಪನೆಯ ಒಂದು ಪದವನ್ನು ಮುಕ್ತವಾಗಿ ಬರೆಯಲು ಬಿಡಿ. ಒಂದು ಲಿಂಕ್‌ಗೆ ನಾಲ್ಕರಿಂದ ಆರು ಟ್ಯಾಗ್. ಅದಕ್ಕಿಂತ ಹೆಚ್ಚಾದರೆ ಹಾಕುವವರಿಗೆ ಬೇಸರ, ಹುಡುಕುವವರಿಗೆ ಗೊಂದಲ.

ತರಗತಿಗೆ ‘ತ5’ ಅನ್ನದೆ ‘ತ05’ ಎಂದದ್ದಕ್ಕೆ ಕಾರಣವಿದೆ. ಅಕ್ಷರವಾಗಿ ಜೋಡಿಸುವಾಗ ಹಲವು ಸಾಧನಗಳಲ್ಲಿ ತ10 ತ5ಕ್ಕಿಂತ ಮೊದಲು ಬಂದು ಕೂರುತ್ತದೆ. ಅಂಕಿ ಕೂಡ ಒಂದೇ ಬಗೆಯದಿರಲಿ. ಕನ್ನಡದ ೫ ಮತ್ತು 5 ಯಂತ್ರಕ್ಕೆ ಬೇರೆ ಬೇರೆ. ‘ಕನ್ನಡ’ ಎಂದಷ್ಟೇ ಬರೆದರೆ ಅದು ಕನ್ನಡ ವಿಷಯವೋ, ಕನ್ನಡದಲ್ಲಿರುವ ಗಣಿತದ ವಿಡಿಯೊವೋ ತಿಳಿಯದು. ಅದಕ್ಕೇ ಕನ್ನಡಪಾಠ ಬೇರೆ, ಕನ್ನಡದಲ್ಲಿ ಬೇರೆ. ಎರಡು ಪದ ಸೇರುವ ಕಡೆ ಜಾಗ ಬಿಡದೆ, ಗೆರೆ ಹಾಕದೆ ಕೂಡಿಸಿ ಬರೆಯಿರಿ. ಜಲಚಕ್ರ, ಜೀವಕೋಶ, ಭಿನ್ನರಾಶಿ ಎಂದು ಸಮಾಸ ಮಾಡುವುದು ನಮ್ಮ ಭಾಷೆಗೆ ಸಹಜವೇ ಆಗಿದೆ, ಎಲ್ಲ ಸಾಧನದಲ್ಲೂ ಅದು ಒಡೆಯದೆ ಉಳಿಯುತ್ತದೆ. ವಿಭಕ್ತಿ, ಬಹುವಚನ ಬೇಡ. ‘ಭಿನ್ನರಾಶಿಗಳು’, ‘ಭಿನ್ನರಾಶಿಯ’ ಎಂದು ಬರೆದರೆ ಅವು ಬೇರೆಯೇ ಟ್ಯಾಗ್.

ಕಣ್ಣಿಗೆ ಕಾಣದ ತೊಂದರೆಯೊಂದು ಕನ್ನಡ ಬರವಣಿಗೆಯಲ್ಲಿದೆ. ‘ಇಂಗ್ಲಿಷ್‌ನಲ್ಲಿ’ ಎಂದು ಬರೆಯುವಾಗ ಷ್ ಮತ್ತು ನ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ಕೀಲಿಮಣೆ ನಡುವೆ ಒಂದು ಅಗೋಚರ ಚಿಹ್ನೆ ಇಡುತ್ತದೆ. ಆ ಪದದಿಂದ ‘ಇಂಗ್ಲಿಷ್’ ಅನ್ನು ಮಾತ್ರ ಕತ್ತರಿಸಿ ಅಂಟಿಸಿದರೆ ಆ ಚಿಹ್ನೆಯೂ ಬಾಲದಂತೆ ಜೊತೆಗೆ ಬರುವುದುಂಟು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಎರಡು ಟ್ಯಾಗ್. ಯುನಿಕೋಡ್‌ನಲ್ಲಿ ‘ಕೋ’ದ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಅಲ್ಲೂ ಇದೇ ಪಾಡು. ಪಟ್ಟಿಯಲ್ಲಿ ಒಂದೇ ಪದ ಎರಡು ಸಲ ಕಂಡರೆ ಇದನ್ನೇ ಶಂಕಿಸಿ, ಒಂದನ್ನು ಪೂರ್ತಿ ಅಳಿಸಿ ಕೈಯಿಂದ ಹೊಸದಾಗಿ ಟೈಪ್ ಮಾಡಿ. ಡ್ರಾಪ್‌ಡೌನ್ ಇಟ್ಟಲ್ಲಿ ಈ ಕಾಟವಿಲ್ಲ. ಹಳೆಯ ನುಡಿ, ಬರಹ ಕಡತಗಳ ಆಸ್ಕಿ ಅಕ್ಷರವನ್ನು ನೇರವಾಗಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿಯೇ ತನ್ನಿ.

ಊರಿನ ವಿಷಯಗಳಿಗೆ ಬಂದರೆ ಕೊಡಗಿನಲ್ಲಿ ಒಂದಕ್ಕೆ ಎರಡು ಮೂರು ಹೆಸರು. ಕೊಡವ ಭಾಷೆಯಲ್ಲಿ ಪುತ್ತರಿ, ಕನ್ನಡದಲ್ಲಿ ಹುತ್ತರಿ. ಕೈಲ್ ಪೊಳ್ದ್ ಎಂದರೂ ಕೈಲ್ ಮುಹೂರ್ತ ಎಂದರೂ ಒಂದೇ ಹಬ್ಬ. ಇಂಗ್ಲಿಷ್ ಮೂಲಗಳಲ್ಲಿ ಕೊಡಗು ಕೂರ್ಗ್ ಆಗಿರುತ್ತದೆ, ಹಳೆಯವುಗಳಲ್ಲಿ ಮಡಿಕೇರಿ ಮರ್ಕೆರಾ ಆಗಿರುತ್ತದೆ. ಅರೆಭಾಷೆಯನ್ನು ಅರೆಬಾಸೆ ಎಂದೂ ಬರೆಯುತ್ತಾರೆ. ಟ್ಯಾಗ್‌ಗೆ ಒಂದನ್ನೇ ನಿಗದಿಮಾಡಿ, ಉಳಿದ ಹೆಸರುಗಳನ್ನು ಟಿಪ್ಪಣಿಯ ಸಾಲಿನಲ್ಲಿ ಬರೆಯಿರಿ. ಯಾವ ಹೆಸರಿನಿಂದ ಹುಡುಕಿದರೂ ಸಿಗಬೇಕು. ಮನೆಯಲ್ಲಿ ಪುತ್ತರಿ ಎನ್ನುವ ಮಗು ಶಾಲೆಯ ಪಟ್ಟಿಯಲ್ಲಿ ಆ ಪದವನ್ನು ಕಾಣುವುದು ಸಣ್ಣ ವಿಷಯವಲ್ಲ.

ಒಂದು ಲಿಂಕನ್ನು ಹತ್ತಿರದಿಂದ ನೋಡೋಣ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿ ಭಿನ್ನರಾಶಿಯ ಒಂದು ಸಿಮ್ಯುಲೇಶನ್ ಸಿಕ್ಕಿತು ಅನ್ನಿ. ಶೀರ್ಷಿಕೆ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಹಾಗೆಯೇ ಬಿಡದೆ ‘ಭಿನ್ನರಾಶಿ: ವೃತ್ತವನ್ನು ಭಾಗ ಮಾಡುವುದು’ ಎಂದು ತಿದ್ದಿ. ಟ್ಯಾಗ್: ತ05, ಗಣಿತ, ಚಟುವಟಿಕೆ, ಆಫ್‌ಲೈನ್, ಭಿನ್ನರಾಶಿ. ಆಫ್‌ಲೈನ್ ಏಕೆಂದರೆ ಫೆಟ್‌ನ ಎಚ್‌ಟಿಎಂಎಲ್ ಸಿಮ್ಯುಲೇಶನ್‌ಗಳನ್ನು ಒಂದೇ ಕಡತವಾಗಿ ಇಳಿಸಿಕೊಂಡು ನೆಟ್ ಇಲ್ಲದೆಯೂ ನಡೆಸಬಹುದು. ಟಿಪ್ಪಣಿ: ‘ಛೇದ 6 ದಾಟದಂತೆ ನೋಡಿಕೊಳ್ಳಿ, ಮೊದಲು ಕಾಗದ ಮಡಚಿಸಿ, ಆಮೇಲೆ ಇದನ್ನು ತೋರಿಸಿ, 15 ನಿಮಿಷ.’ ಟಿಪ್ಪಣಿಯ ಆ ಸಾಲು ಬರೆಯಲು ಒಂದು ನಿಮಿಷ ಸಾಕು, ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ‘ಚೆನ್ನಾಗಿದೆ’, ‘ಉಪಯುಕ್ತ’ ಎಂಬ ಟಿಪ್ಪಣಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಒಂದೇ ಲಿಂಕ್ ಹತ್ತು ವೇಷದಲ್ಲಿ

ಯೂಟ್ಯೂಬ್‌ನಲ್ಲಿ ಶೇರ್ ಒತ್ತಿದಾಗ ಬರುವ ಚಿಕ್ಕ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಎಸ್‌ಐ ಎಂದು ಶುರುವಾಗುವ ಒಂದು ಬಾಲ ಇರುತ್ತದೆ. ಇಬ್ಬರು ಒಂದೇ ವಿಡಿಯೊ ಕಳಿಸಿದರೂ ಬಾಲ ಬೇರೆ ಇರುವುದರಿಂದ ಪಟ್ಟಿಯಲ್ಲಿ ಎರಡು ಲಿಂಕ್ ಆಗಿ ಕೂರುತ್ತದೆ. ಚಿಕ್ಕ ವಿಳಾಸದಲ್ಲಿ ಆ ಬಾಲವನ್ನು ಅಳಿಸಿ. ಉದ್ದದ ವಿಳಾಸದಲ್ಲಿ ಮಾತ್ರ ಪ್ರಶ್ನಾರ್ಥಕದ ನಂತರದ್ದನ್ನೆಲ್ಲ ಅಳಿಸಬೇಡಿ, ವಿಡಿಯೊದ ಗುರುತು ವಿ ಎಂಬ ಅಕ್ಷರದ ಮುಂದೆ ಅಲ್ಲೇ ಇರುತ್ತದೆ. ಟಿ=125 ಎಂದಿದ್ದರೆ ಅದನ್ನೂ ಉಳಿಸಿ. ವಿಡಿಯೊ 2 ನಿಮಿಷ 5 ಸೆಕೆಂಡಿನಿಂದ ಶುರುವಾಗಲಿ ಎಂದು ಯಾರೋ ಯೋಚಿಸಿ ಕಳಿಸಿರುತ್ತಾರೆ. ಯುಟಿಎಂ, ಎಫ್‌ಬಿಕ್ಲಿಡ್ ಎಂದು ಶುರುವಾಗುವ ಬಾಲಗಳನ್ನು ನಿಶ್ಚಿಂತೆಯಿಂದ ಕತ್ತರಿಸಬಹುದು.

ಲಿಂಕ್ ಸಾಯುವುದೂ ಉಂಟು. ಪಠ್ಯಪುಸ್ತಕ ಪರಿಷ್ಕರಣೆಯಾದಾಗ, ಇಲಾಖೆಯ ತಾಣ ಹೊಸ ರೂಪ ಪಡೆದಾಗ ಹಳೆಯ ಪಿಡಿಎಫ್‌ನ ವಿಳಾಸ ತೆರೆಯುವುದಿಲ್ಲ. ಬೇಸಿಗೆ ರಜೆಯ ಕೊನೆಯ ವಾರ ಶಾಲೆಗೊಬ್ಬರಂತೆ ಮೂವತ್ತು ಮೂವತ್ತು ಲಿಂಕ್ ಹಂಚಿಕೊಂಡು ಒತ್ತಿ ನೋಡಿ. ಮುಖ್ಯವಾದ ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ‘ಸೇವ್ ಪೇಜ್ ನೌ’ ಜಾಗಕ್ಕೆ ಅಂಟಿಸಿ, ಸಿಗುವ ವಿಳಾಸವನ್ನು ಟಿಪ್ಪಣಿಯಲ್ಲಿ ಬರೆದಿಡಿ. ವಿಡಿಯೊಗೆ ಇದು ಸಾಲದು, ಬರಹದ ಪುಟಗಳಿಗೆ ಸಾಕು. ಮಳೆಗಾಲಕ್ಕೆ ಮೊದಲು, ಅಂದರೆ ಮೇ ತಿಂಗಳಲ್ಲೇ, ಜೂನ್ ಜುಲೈ ಪಾಠಗಳ ‘ಆಫ್‌ಲೈನ್’ ಟ್ಯಾಗ್ ಹುಡುಕಿ ನೋಡಿ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಆ್ಯಂಡ್ರಾಯ್ಡ್ ಕ್ರೋಮ್‌ನ ಮೆನುವಿನಲ್ಲಿರುವ ಕೆಳಮುಖ ಬಾಣ ಒತ್ತಿದರೂ ಪುಟ ಫೋನಿನಲ್ಲಿ ಉಳಿಯುತ್ತದೆ.

ಮಕ್ಕಳು, ಖಾತೆ, ಬೀಗದ ಕೈ

ಮಕ್ಕಳಿಂದ ಈ ಯಾವುದರಲ್ಲೂ ಖಾತೆ ತೆರೆಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಗು ಎಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಸಾರ್ವಜನಿಕ ಪುಟದ ಕ್ಯೂಆರ್ ಕೋಡ್ ಮಾಡಿ ತರಗತಿಯ ಗೋಡೆಗೆ ಅಂಟಿಸಿದರೆ ಖಾತೆಯಿಲ್ಲದೆ ಎಲ್ಲರೂ ನೋಡಬಹುದು. ಸಾರ್ವಜನಿಕ ಪಟ್ಟಿಯ ಟಿಪ್ಪಣಿಯಲ್ಲಿ ಮಗುವಿನ ಹೆಸರು, ಅಂಕ, ಫೋಟೊ ಬರಬಾರದು. ‘ರಾಮುವಿಗೆ ಇದು ಬೇಕು’ ಎಂದು ನಿಮಗಾಗಿ ಬರೆದ ಸಾಲನ್ನು ಊರೆಲ್ಲ ಓದುವಂತಾಗುತ್ತದೆ.

ಕ್ಲಸ್ಟರ್‌ನ ಶೀಟ್ ಅಥವಾ ರೇನ್‌ಡ್ರಾಪ್ ಯಾರದ್ದೋ ಒಬ್ಬರ ಸ್ವಂತ ಖಾತೆಯಲ್ಲಿ ಇರದಿರಲಿ. ಅವರು ನಿವೃತ್ತರಾಗಿ ಆ ಖಾತೆ ಬಳಸುವುದನ್ನೇ ಬಿಟ್ಟರೆ, ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಅದರೊಳಗಿನ ಕಡತಗಳ ಸಮೇತ ಗೂಗಲ್ ಅಳಿಸಬಹುದು. ಕ್ಲಸ್ಟರ್ ಹೆಸರಿನಲ್ಲೇ ಒಂದು ಜಿಮೇಲ್ ತೆರೆಯಿರಿ. ಮರುಪಡೆಯುವ ಫೋನ್ ಸಂಖ್ಯೆ ಒಬ್ಬರದ್ದು, ಮರುಪಡೆಯುವ ಇಮೇಲ್ ಇನ್ನೊಬ್ಬರದ್ದು ಇರಲಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಒಂದು ಶಾಲೆಯ ಬೀರುವಿನಲ್ಲಿಡಿ. ತಿಂಗಳ ಮೊದಲ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ತೆಗೆದು, ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ ಕಡತದ ಹೆಸರಿನಲ್ಲಿ ಆ ದಿನದ ದಿನಾಂಕ ಸೇರಿಸಿ ಎರಡು ಕಡೆ ಇಡಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬದಲಾದ ದಿನ ಹಾಜರಿ ಪುಸ್ತಕ, ಕಡತಗಳ ಜೊತೆ ಈ ಲಕೋಟೆಯನ್ನೂ ಹೊಸಬರ ಕೈಗೆ ಕೊಟ್ಟು, ಅವರ ಮುಂದೆಯೇ ಪಾಸ್‌ವರ್ಡ್ ಮತ್ತು ಮರುಪಡೆಯುವ ಸಂಖ್ಯೆ ಬದಲಿಸಿ.